ಅಣುಜೀವಿಗಳ ಆಹಾರ ಮತ್ತು ರಕ್ತದ ಋಣ

ರೋಗದ ಮೂಲವನ್ನರಿಯದೆ ಔಷಧ ಕೊಡುವುದು ಕತ್ತಲೆಯಲ್ಲಿ ಬಾಣ ಬಿಟ್ಟಂತೆ. ರೋಗಕಾರಕ ಬ್ಯಾಕ್ಟೀರಿಯಾವನ್ನು ಗುರುತಿಸಲು ಅದನ್ನು ಪ್ರಯೋಗಶಾಲೆಯಲ್ಲಿ ಬೆಳೆಸಬೇಕು. ಬೆಳೆಸಲು ಅದಕ್ಕೆ ಆಹಾರ ಬೇಕು. ಆ ಆಹಾರದಲ್ಲಿ ಪ್ರಾಣಿರಕ್ತವು ಶತಮಾನಕ್ಕೂ ಮಿಗಿಲಾಗಿ ಸೇರಿಕೊಂಡು ಬಂದಿದೆ.

1882ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಬೆಳೆಸಿದ್ದು ಹೆಪ್ಪುಗಟ್ಟಿಸಿದ ರಕ್ತದ ಸೀರಮ್ ಮೇಲೆ. ಅದೇ ಕಾಲದಲ್ಲಿ ಫ್ಯಾನಿ ಹೆಸ್ಸೆ ಎಂಬ ಮಹಿಳೆಯ ಸಲಹೆಯಿಂದ, ಪ್ರಾಣಿಗಳ ಮೂಳೆ-ಚರ್ಮಗಳಿಂದಾದ ಜೆಲಾಟಿನ್ನಿನ ಸ್ಥಾನಕ್ಕೆ ಸಮುದ್ರಪಾಚಿಯ ಅಗಾರ್ ಬಂದಿತು. ಆದರೆ ರಕ್ತದ ಅಗತ್ಯ ಉಳಿಯಿತು. 1892ರಲ್ಲಿ ರಿಚರ್ಡ್ ಫೈಫರ್ ಫ್ಲೂ ರೋಗಿಗಳಲ್ಲಿ ಕಂಡ ಬ್ಯಾಕ್ಟೀರಿಯಾ ರಕ್ತವಿಲ್ಲದೆ ಬೆಳೆಯಲಿಲ್ಲ. ಮುಂದೆ ಅದಕ್ಕೆ ಬಂದ ಹೆಸರು ಹೀಮೋಫಿಲಸ್, ಎಂದರೆ ರಕ್ತಪ್ರಿಯ. ಫ್ಲೂವಿಗೆ ಅದು ಕಾರಣವಲ್ಲ, ಕಾರಣ ಒಂದು ವೈರಸ್ ಎಂಬುದು 1933ರಲ್ಲಿ ತಿಳಿಯಿತು.

1919ರಲ್ಲಿ ಅಮೆರಿಕದ ಜೇಮ್ಸ್ ಬ್ರೌನ್, ಸ್ಟ್ರೆಪ್ಟೊಕಾಕಸ್‌ಗಳು ಕೆಂಪು ರಕ್ತಕಣಗಳನ್ನು ಒಡೆಯುವ ಬಗೆಯನ್ನು ಆಲ್ಫಾ, ಬೀಟಾ, ಗಾಮಾ ಎಂದು ವಿಂಗಡಿಸಿದರು. ಬೀಟಾ ವರ್ಗದ ಒಂದು ಜಾತಿಯಿಂದ ಬರುವ ಗಂಟಲುನೋವಿಗೆ ಚಿಕಿತ್ಸೆ ತಪ್ಪಿದರೆ ಮಕ್ಕಳ ಹೃದಯದ ಕವಾಟಗಳೇ ಕೆಡಬಹುದು. ಆದ್ದರಿಂದ ಯಾವ ರಕ್ತವೆಂಬುದು ಬರಿಯ ಅನುಕೂಲದ ಪ್ರಶ್ನೆಯಲ್ಲ.

ಕುದುರೆಯ ರಕ್ತದಲ್ಲಿ ಹೀಮೋಫಿಲಸ್ ಬಳಗದ ಒಂದು ನಿರಪಾಯ ಜಾತಿಯೂ ಬೆಳೆದು, ರಕ್ತಕಣಗಳನ್ನೊಡೆದು, ಬೀಟಾ ಸ್ಟ್ರೆಪ್ಟೊಕಾಕಸ್‌ನಂತೆ ತೋರಿ ಮೋಸಗೊಳಿಸಬಹುದು. ಕುರಿಯ ರಕ್ತದಲ್ಲಿರುವ ಕಿಣ್ವವು ಅದಕ್ಕೆ ಬೇಕಾದ ಅಂಶವನ್ನು ನಾಶಪಡಿಸುವುದರಿಂದ ಆ ಗೊಂದಲ ಕಡಿಮೆ. ಆದರೆ ಇದೇ ಕಾರಣದಿಂದ ರೋಗಕಾರಕ ಹೀಮೋಫಿಲಸ್ಸೂ ಅಲ್ಲಿ ಸರಿಯಾಗಿ ಬೆಳೆಯದು. ಅದಕ್ಕಾಗಿ ರಕ್ತವನ್ನು ಕಾಯಿಸಿ ಮಾಡುವ ಚಾಕೊಲೇಟ್ ಅಗಾರ್ ಬೇಕು. ಅವಧಿ ಮೀರಿದ ಮಾನವರಕ್ತ ಅಗ್ಗವೆಂದು ತೋರಿದರೂ, ದಾನಿಯ ಪ್ರತಿಕಾಯಗಳೂ ಔಷಧದ ಶೇಷವೂ ಬೆಳವಣಿಗೆಯನ್ನು ತಡೆಯಬಹುದು. ಸಿಬ್ಬಂದಿಗೆ ಸೋಂಕಿನ ಭಯವೂ ಉಂಟು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಉಷ್ಣದೇಶಗಳಲ್ಲಿ ಸಾಕುವ, ಉಣ್ಣೆಯಿಲ್ಲದ ಕುರಿಯ ರಕ್ತವೂ ಈ ಪರೀಕ್ಷೆಗಳಿಗೆ ಸಾಕೆಂದು ತೋರಿಸಿತು.

ಜೀವಂತ ಪ್ರಾಣಿಯಿಂದ ಮಿತವಾಗಿ ರಕ್ತ ತೆಗೆದರೆ ಅದು ಸಾಯಬೇಕಾಗಿಲ್ಲ. ಆದರೂ ನೋವು ನೋವೇ. ಕೆಲವು ಬ್ಯಾಕ್ಟೀರಿಯಾಗಳಿಗೆ ಇದ್ದಿಲು ಬೆರೆಸಿದ, ರಕ್ತರಹಿತ ಆಹಾರ ಸಿದ್ಧವಾಗಿದೆ. ಕ್ಯಾಂಪಿಲೊಬ್ಯಾಕ್ಟರ್‌ಗೆ ಅಂಥದು 1984ರಲ್ಲೇ ಪ್ರಕಟವಾಯಿತು. ಎಲ್ಲಕ್ಕೂ ಅದು ಇನ್ನೂ ಸಾಧ್ಯವಾಗಿಲ್ಲ. ಮಗುವಿನ ಪ್ರಾಣ ಒಂದು ತಟ್ಟೆಯಲ್ಲಿ, ಮೂಕಪ್ರಾಣಿಯ ನೋವು ಇನ್ನೊಂದರಲ್ಲಿ: ತಕ್ಕಡಿ ಹಿಡಿದವರು ಎರಡನೆಯದನ್ನು ಶೂನ್ಯವೆಂದು ಬರೆಯಬಾರದು. ಅಗತ್ಯವಿದ್ದಲ್ಲಿ ಮಿತಿ, ಪರ್ಯಾಯವಿದ್ದಲ್ಲಿ ತ್ಯಾಗ, ರಕ್ತ ಕೊಡುವ ಪ್ರಾಣಿಗೆ ಆರೈಕೆ: ಅಹಿಂಸೆಯು ಪ್ರಯೋಗಶಾಲೆಯಿಂದ ಕೇಳುವುದು ಇಷ್ಟನ್ನೇ.