ಮಳವಳ್ಳಿಯ ಫಿರಂಗಿ, ಮದ್ದೂರಿನ ಬಾವುಟ ಮತ್ತು ಹತ್ತೊಂಬತ್ತನೆಯ ಶತಮಾನದ ಯೂರೋಪು



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಇತ್ತೀಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ನನ್ನ ಮಗಳು ಬಿ.ಎ. ಓದುತ್ತಿದ್ದಾಳೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಕಲೆ, ಸಾಹಿತ್ಯ, ತತ್ತ್ವಶಾಸ್ತ್ರ ಎಂಬ ಪಾಠ ಅವಳ ತಲೆಗೆ ಹತ್ತುತ್ತಿಲ್ಲ. ಬರೀ ಹೆಸರುಗಳ ಪಟ್ಟಿ ಎನ್ನುತ್ತಾಳೆ. ನಿಮ್ಮ ಲೇಖನಗಳನ್ನು ತಪ್ಪದೆ ಓದುತ್ತಾಳೆ, ಈ ಬಗ್ಗೆ ಒಂದು ಬರೆಯಿರಿ" ಎಂದಳು. ಆಗಲಿ ಎಂದೆ. ಆದರೆ ಫೋನ್ ಇಟ್ಟ ಮೇಲೆ ನೆನಪಿಗೆ ಬಂದದ್ದು ಆ ಪಾಠವಲ್ಲ. ಎಷ್ಟೋ ವರ್ಷಗಳ ಹಿಂದೆ ಮಳವಳ್ಳಿ ಕಡೆಯ ಹುಡುಗನೊಬ್ಬ ತರಗತಿಯಲ್ಲಿ ಎದ್ದು ನಿಂತು ಕೇಳಿದ ಪ್ರಶ್ನೆ. "ಸಾರ್, ನಮ್ಮೂರಿಗೆ ಫಿರಂಗಿ ತಂದವರ ಪದ್ಯವನ್ನು ನಾವೇಕೆ ಓದಬೇಕು?"

ನಾನು ಅಂದು "ಪರೀಕ್ಷೆಗೆ ಬರುತ್ತದೆ, ಕುಳಿತುಕೊ" ಎಂದುಬಿಟ್ಟೆ. ತರಗತಿ ನಕ್ಕಿತು, ಹುಡುಗ ಕುಳಿತ. ಗುರುವಾದವನು ಮಾಡಬಾರದ ತಪ್ಪನ್ನು ಮಾಡಿದೆನೆಂಬ ಅಳುಕು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಆ ಹುಡುಗಿಗೂ ಹೌದು, ಈ ಹುಡುಗನಿಗೂ ಹೌದು.

ಅವನು ಹೇಳಿದ್ದು ಕಟ್ಟುಕಥೆಯಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಯುದ್ಧ ನಡೆಯಿತು. ಟಿಪ್ಪುವಿನ ಸೈನ್ಯ ಹಿಂದೆ ಸರಿಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮಳವಳ್ಳಿಯ ಆ ಕಾಳಗದಲ್ಲಿ ಬ್ರಿಟಿಷರ 33ನೆಯ ಪದಾತಿ ದಳವೂ ಇತ್ತು. ಆ ದಳದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹದಿನಾರು ವರ್ಷಗಳ ತರುವಾಯ, 1815ರ ಜೂನ್ 18ರಂದು, ವಾಟರ್‌ಲೂ ರಣರಂಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಈತನೇ. ಇನ್ನು ನೆಪೋಲಿಯನ್ನನೋ, 1798ರಲ್ಲಿ ಈಜಿಪ್ಟಿಗೆ ಬಂದಿಳಿದು ಅಲ್ಲಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಆ ಪತ್ರ ದಾರಿಯಲ್ಲೇ ಬ್ರಿಟಿಷರ ಕೈಸೇರಿತು. ಆದುದರಿಂದ ಮಗಳೇ, ಹತ್ತೊಂಬತ್ತನೆಯ ಶತಮಾನದ ಯೂರೋಪು ಎಲ್ಲೋ ದೂರದಲ್ಲಿ ಆರಂಭವಾಯಿತೆಂದು ತಿಳಿಯಬೇಡ. ಅದರ ಮೊದಲ ಪುಟದಲ್ಲಿ ನಮ್ಮ ಮಳವಳ್ಳಿಯ ಧೂಳಿದೆ.

ನೆಪೋಲಿಯನ್ ಎಂಬ ಒಂದು ಹೆಸರನ್ನು ಹಿಡಿದುಕೊಂಡರೆ ನಿನ್ನ ಪಟ್ಟಿಯ ಅರ್ಧ ಹೆಸರುಗಳು ತಾವಾಗಿಯೇ ಸಾಲುಗಟ್ಟಿ ನಿಲ್ಲುತ್ತವೆ. ಫ್ರಾನ್ಸಿನ ಕ್ರಾಂತಿ ಸ್ವಾತಂತ್ರ್ಯ, ಸಮಾನತೆ, ಸೋದರತೆ ಎಂದು ಸಾರಿದ್ದನ್ನು ಈತ ಜಗತ್ತಿಗೆ ತರುವನೆಂದು ನಂಬಿದ್ದ ಬೀಥೋವನ್ ತನ್ನ ಮೂರನೆಯ ಸಿಂಫನಿಯನ್ನು ಅವನಿಗೆ ಅರ್ಪಿಸಬೇಕೆಂದಿದ್ದ. 1804ರಲ್ಲಿ ನೆಪೋಲಿಯನ್ ತನ್ನನ್ನು ತಾನೇ ಚಕ್ರವರ್ತಿಯೆಂದು ಸಾರಿಕೊಂಡ ಸುದ್ದಿ ಕೇಳಿ ಆ ಅರ್ಪಣೆಯನ್ನು ಕಿತ್ತುಹಾಕಿದ. 1806ರಲ್ಲಿ ಯೇನಾ ನಗರದಲ್ಲಿ ಕುದುರೆಯೇರಿ ಹೋಗುತ್ತಿದ್ದ ನೆಪೋಲಿಯನ್ನನನ್ನು ಕಂಡ ತತ್ತ್ವಜ್ಞಾನಿ ಹೆಗೆಲ್, ಜಗತ್ತಿನ ಚೈತನ್ಯವೇ ಮೂರ್ತಿವೆತ್ತು ಹೊರಟಂತೆ ಕಂಡಿತೆಂದು ಬೆರಗಾದ. ಸ್ಪೇನಿನ ಚಿತ್ರಕಾರ ಗೋಯಾ ಅದೇ ನೆಪೋಲಿಯನ್ನನ ಸೈನಿಕರು 1808ರ ಮೇ 3ರಂದು ಮ್ಯಾಡ್ರಿಡ್‌ನಲ್ಲಿ ನಿರಾಯುಧರನ್ನು ಗುಂಡಿಟ್ಟು ಕೊಂದುದನ್ನು 1814ರಲ್ಲಿ ಚಿತ್ರಿಸಿದ. ಬಿಳಿಯ ಅಂಗಿ ತೊಟ್ಟು ಎರಡೂ ಕೈಗಳನ್ನು ಮೇಲೆತ್ತಿ ನಿಂತ ಆ ಮನುಷ್ಯನನ್ನು ಒಮ್ಮೆ ನೋಡಿದವರು ಮರೆಯಲಾರರು. ಗೋಯಾ ವೆಲ್ಲಿಂಗ್ಟನ್ನನ ಭಾವಚಿತ್ರವನ್ನೂ ಬರೆದಿದ್ದಾನೆ; ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮಳವಳ್ಳಿಯಲ್ಲಿ ಹೋರಾಡಿದವನ ಮುಖವನ್ನು ಗೋಯಾನಂಥ ಕಲಾವಿದ ದಿಟ್ಟಿಸಿ ನೋಡಿದ್ದಾನೆಂಬುದು ನನಗೆ ಇಂದಿಗೂ ಸೋಜಿಗದ ವಿಷಯ. ರಷ್ಯಾದ ಮೇಲೆ ನೆಪೋಲಿಯನ್ 1812ರಲ್ಲಿ ನಡೆಸಿದ ದಂಡಯಾತ್ರೆಯನ್ನು ಟಾಲ್‌ಸ್ಟಾಯ್ 'ಯುದ್ಧ ಮತ್ತು ಶಾಂತಿ'ಯಲ್ಲಿ ಕಥೆಯಾಗಿಸಿ, ಚರಿತ್ರೆಯನ್ನು ನಡೆಸುವವರು ಮಹಾಪುರುಷರೇ ಎಂದು ಪ್ರಶ್ನಿಸಿದ. ಸಂಗೀತ, ತತ್ತ್ವ, ಚಿತ್ರ, ಕಾದಂಬರಿ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿವೆ: ಬಲಶಾಲಿಯು ಸ್ವಾತಂತ್ರ್ಯವನ್ನು ತರಬಲ್ಲನೇ?

ಇನ್ನು ಆ ಯೂರೋಪು ನಮ್ಮನ್ನು ಹೇಗೆ ಕಂಡಿತು? ಟರ್ನರ್ ಎಂಬ ಮಹಾನ್ ಚಿತ್ರಕಾರ ಸುಮಾರು 1800ರಲ್ಲಿ, ತನ್ನ ಇಪ್ಪತ್ತೈದರ ಆಸುಪಾಸಿನಲ್ಲಿ, ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದ. ಅವನು ಭಾರತಕ್ಕೆ ಬಂದವನೇ ಅಲ್ಲ. ಸರ್ ವಾಲ್ಟರ್ ಸ್ಕಾಟ್ 1827ರಲ್ಲಿ 'ದಿ ಸರ್ಜನ್ಸ್ ಡಾಟರ್' ಎಂಬ ಕಥೆಯಲ್ಲಿ ಹೈದರನನ್ನೂ ಟಿಪ್ಪುವನ್ನೂ ತಂದ. ಅವನೂ ಇತ್ತ ಬಂದವನಲ್ಲ. ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ 'ದಿ ಮೂನ್‌ಸ್ಟೋನ್' ಕಾದಂಬರಿ ಶ್ರೀರಂಗಪಟ್ಟಣದ ಲೂಟಿಯಿಂದಲೇ ಆರಂಭವಾಗುತ್ತದೆ. ಅಂದು ಕದ್ದ ವಜ್ರ ಇಂಗ್ಲೆಂಡಿನ ಮನೆಯೊಂದರ ನೆಮ್ಮದಿ ಕೆಡಿಸಿ, ಕೊನೆಗೆ ಭಾರತದ ದೇವರ ಹಣೆಗೇ ಮರಳುತ್ತದೆ. ಕದ್ದದ್ದು ದಕ್ಕುವುದಿಲ್ಲವೆಂಬ ಅಳುಕು ಆ ನಾಡಿನ ಲೇಖಕನಿಗೂ ಇತ್ತೆಂಬುದನ್ನು ಗಮನಿಸಬೇಕು.

ತತ್ತ್ವಜ್ಞಾನಿಗಳು ಇನ್ನೂ ಕಠಿಣರಾಗಿದ್ದರು. ನೆಪೋಲಿಯನ್ನನಲ್ಲಿ ಜಗತ್ತಿನ ಚೈತನ್ಯ ಕಂಡ ಹೆಗೆಲ್, ಭಾರತಕ್ಕೆ ಚರಿತ್ರೆಯೇ ಇಲ್ಲವೆಂಬ ಅರ್ಥದಲ್ಲಿ ಉಪನ್ಯಾಸ ಮಾಡಿದ. ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರ ತನಕ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಕೆಲಸ ಮಾಡಿದವನು. ದೇಶೀಯ ಸಂಸ್ಥಾನಗಳ ಪತ್ರವ್ಯವಹಾರ ಅವನ ಮೇಜಿನ ಮೇಲೆಯೇ ಸಾಗುತ್ತಿತ್ತು. 1859ರಲ್ಲಿ 'ಆನ್ ಲಿಬರ್ಟಿ' ಎಂಬ ಶ್ರೇಷ್ಠ ಗ್ರಂಥವನ್ನು ಪ್ರಕಟಿಸಿ, ಅದರಲ್ಲಿಯೇ ಈ ಸ್ವಾತಂತ್ರ್ಯ ಹಿಂದುಳಿದ ಜನಾಂಗಗಳಿಗೆ ಸಲ್ಲದೆಂದ. ಆ ಹುಡುಗನ ಸಿಟ್ಟು ನ್ಯಾಯವಾದದ್ದು. ಅದನ್ನು ಮುಚ್ಚಿಟ್ಟು ಪಾಠ ಹೇಳುವುದು ಅಪ್ರಾಮಾಣಿಕತೆ.

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರು ಬಿ.ಎಂ. ಶ್ರೀಕಂಠಯ್ಯನವರು. 1884ರ ಜನವರಿ 3ರಂದು ತಾಯಿಯ ತವರಾದ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಬಾಲಕ ಶ್ರೀಕಂಠಯ್ಯ ಅಕ್ಷರ ಕಲಿತದ್ದು ಅಲ್ಲಿಯೇ. ಟರ್ನರ್ ಕಾಣದೆ ಬರೆದ, ಸ್ಕಾಟ್ ಕಾಣದೆ ಕಥೆ ಕಟ್ಟಿದ ಆ ಕೋಟೆಯ ಹಾಳುಗೋಡೆಗಳ ನಡುವೆ ಆಡಿ ಬೆಳೆದ ಹುಡುಗ ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿ, ವರ್ಡ್ಸ್‌ವರ್ತ್, ಷೆಲ್ಲಿ, ಬೈರನ್ ಮೊದಲಾದವರನ್ನು, ಆ ಸ್ಕಾಟನನ್ನೂ ಸೇರಿಸಿ, ಕನ್ನಡದಲ್ಲಿ ಹಾಡಿಸಿದ. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪುಸ್ತಕವಾಗಿ ಬಂದಿತು. ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಸಡಿಲಿಸಿ, ಮಾತ್ರಾಗಣಗಳನ್ನು ಹೊಸ ಹೊಸ ಪದ್ಯಬಂಧಗಳಲ್ಲಿ ಜೋಡಿಸಿ ಅವರು ಹಾಕಿದ ದಾರಿಯಲ್ಲಿ ನವೋದಯದ ಕವಿಗಳು ನಡೆದರು. ನಮ್ಮ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರು ಸ್ಕಾಟ್ಲೆಂಡಿನ ಬರ್ನ್ಸ್ ಕವಿಯ ಪ್ರೇಮಗೀತೆಗಳನ್ನು ಕನ್ನಡಿಸಿದವರು. ಅವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಿತು. ಅದರಲ್ಲಿ ಬರ್ನ್ಸನ ನೆರಳಿದ್ದೀತು, ಆದರೆ ಅದರ ಹೂವು, ಬಳೆ, ಮಾತು ಎಲ್ಲವೂ ನಮ್ಮ ಸೀಮೆಯವು.

ಬಿ.ಎಂ.ಶ್ರೀ.ಯವರು ಆರಿಸಿಕೊಂಡದ್ದನ್ನು ನೋಡಿ. ಥಾಮಸ್ ಹುಡ್ 1844ರಲ್ಲಿ ಬರೆದ ಪದ್ಯವೊಂದರ ಕನ್ನಡ ರೂಪ 'ದುಃಖಸೇತು'. ಲಂಡನ್ನಿನಲ್ಲಿ ದಿಕ್ಕಿಲ್ಲದೆ ನೀರಿಗೆ ಬಿದ್ದು ಸತ್ತ ಹೆಣ್ಣುಮಗಳೊಬ್ಬಳಿಗಾಗಿ ಮರುಗಿದ ಪದ್ಯವದು. ಜಗತ್ತನ್ನೇ ಆಳುತ್ತಿದ್ದ ನಗರ ತನ್ನ ಮಗಳನ್ನೇ ಕಾಪಾಡಲಿಲ್ಲವೆಂಬ ಸಂಕಟವನ್ನು ಅವರು ನಮಗಾಗಿ ತಂದರು. ಇನ್ನೊಂದನ್ನು ನೀವೆಲ್ಲರೂ ಬಲ್ಲಿರಿ; ಬೆಳಗಿನ ಪ್ರಾರ್ಥನೆಯಲ್ಲಿ ಸಾಲಾಗಿ ನಿಂತು ಹಾಡಿದ್ದೀರಿ. 'ಕರುಣಾಳು ಬಾ ಬೆಳಕೆ'. ಅದರ ಮೂಲವನ್ನು ಬರೆದವನು ಜಾನ್ ಹೆನ್ರಿ ನ್ಯೂಮನ್. ಸಿಸಿಲಿಯಲ್ಲಿ ಜ್ವರದಿಂದ ಸಾವಿನಂಚಿಗೆ ಹೋಗಿ ಬದುಕಿ ಬಂದ ಈ ಪಾದ್ರಿ, 1833ರ ಜೂನ್‌ನಲ್ಲಿ ಕಿತ್ತಳೆಹಣ್ಣು ತುಂಬಿದ ಹಡಗೊಂದನ್ನೇರಿ ಮಾರ್ಸೆಲ್ಸ್ ಕಡೆಗೆ ಹೊರಟಿದ್ದ. ಕಾರ್ಸಿಕ ಮತ್ತು ಸಾರ್ಡೀನಿಯ ದ್ವೀಪಗಳ ನಡುವೆ ಗಾಳಿಯಿಲ್ಲದೆ ಹಡಗು ನಿಂತುಹೋಯಿತು. ಮುಂದೇನೆಂದು ತಿಳಿಯದೆ ನಡುನೀರಿನಲ್ಲಿ ನಿಂತವನ ಪ್ರಾರ್ಥನೆ ಅದು. ಗಾಂಧೀಜಿಯವರಿಗೂ ಅಚ್ಚುಮೆಚ್ಚು. ಮಂಡ್ಯ ಸೀಮೆಯ ರೈತರ ಮಕ್ಕಳು ಅದನ್ನು ಯಾರದೋ ಹಾಡೆಂದು ಎಂದೂ ಎಣಿಸಲಿಲ್ಲ.

ಮದ್ದೂರಿನ ಮಾತು ಹೇಳದೆ ಮುಗಿಸುವಂತಿಲ್ಲ. ಟರ್ನರನ ಚಿತ್ರಗಳನ್ನು ಜನ ಹೀಗಳೆದಾಗ ಅವನ ಪರವಾಗಿ 1843ರಲ್ಲಿ 'ಮಾಡರ್ನ್ ಪೇಂಟರ್ಸ್' ಬರೆಯತೊಡಗಿದವನು ಜಾನ್ ರಸ್ಕಿನ್. ಚಿತ್ರದ ಸೌಂದರ್ಯವನ್ನು ಹುಡುಕುತ್ತ ಹೋದವನಿಗೆ, ಕೂಲಿಕಾರರು ಸೌಂದರ್ಯವಿಲ್ಲದೆ, ಗೌರವವಿಲ್ಲದೆ ಬದುಕುವ ನಾಡಿನಲ್ಲಿ ಕಲೆ ಹೇಗೆ ಉಳಿದೀತೆಂಬ ಪ್ರಶ್ನೆ ಎದುರಾಯಿತು. 1860ರಲ್ಲಿ 'ಅನ್‌ಟು ದಿಸ್ ಲಾಸ್ಟ್' ಎಂಬ ಲೇಖನಮಾಲೆ ಬರೆದ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಅದನ್ನು ಓದಿ ನಿದ್ದೆಗೆಟ್ಟರು, ಬದುಕನ್ನೇ ಬದಲಿಸಿಕೊಂಡರು, 'ಸರ್ವೋದಯ' ಎಂಬ ಹೆಸರಿನಿಂದ ಗುಜರಾತಿಗೆ ಇಳಿಸಿದರು. ಟಾಲ್‌ಸ್ಟಾಯ್ 1894ರಲ್ಲಿ ಪ್ರಕಟಿಸಿದ 'ದೇವರ ರಾಜ್ಯ ನಿನ್ನೊಳಗಿದೆ' ಎಂಬ ಗ್ರಂಥ ಅವರಿಗೆ ಅಹಿಂಸೆಯಲ್ಲಿ ನಂಬಿಕೆಯನ್ನು ಗಟ್ಟಿಗೊಳಿಸಿತು. ಆ ಸತ್ಯಾಗ್ರಹದ ಮಾರ್ಗವನ್ನೇ ಹಿಡಿದು 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧವನ್ನು ಮೀರಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಮ್ಮ ಜನ ರಾಷ್ಟ್ರಧ್ವಜ ಹಾರಿಸಿದರು. ಇಂದು ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಮೈಸೂರು ರಸ್ತೆಯಲ್ಲಿ ಹೋಗುವಾಗ ಮದ್ದೂರು ವಡೆಗೆ ಇಳಿಯುವವರು ಅದನ್ನೂ ಒಮ್ಮೆ ನೋಡಬೇಕು.

ರಸ್ಕಿನ್ನನೂ ನಿಷ್ಕಳಂಕನಲ್ಲ. 1857ರ ದಂಗೆಯ ನಂತರ ಭಾರತೀಯರನ್ನೂ ಅವರ ಕಲೆಯನ್ನೂ ಕಟುವಾಗಿ ಹಳಿದವನು ಅವನೇ. ಗಾಂಧೀಜಿ ಅವನ ಆ ಮಾತುಗಳನ್ನು ತಲೆಯ ಮೇಲೆ ಹೊತ್ತುಕೊಳ್ಳಲಿಲ್ಲ. ಕೂಲಿಕಾರನ ಘನತೆಯ ಮಾತನ್ನು ತೆಗೆದುಕೊಂಡರು. ಬಿ.ಎಂ.ಶ್ರೀ. ಮಾಡಿದ್ದೂ ಇದನ್ನೇ.

ಮಗೂ, ನೀನು ಈಗ ಎಲ್ಲಿರುವೆಯೋ ತಿಳಿಯದು. ನಿನಗೂ ಐವತ್ತು ದಾಟಿರಬೇಕು. ಅಂದು ಹೇಳಬೇಕಾಗಿದ್ದ ಉತ್ತರ ಇದು. ಫಿರಂಗಿ ತಂದವರು ಮತ್ತು ಪದ್ಯ ಬರೆದವರು ಒಂದೇ ನಾಡಿನವರು ನಿಜ, ಒಮ್ಮೊಮ್ಮೆ ಒಬ್ಬನೇ ಮನುಷ್ಯನೊಳಗೆ ಇಬ್ಬರೂ ಇದ್ದರು. ಆದ್ದರಿಂದಲೇ ಓದಬೇಕು. ಓದಿದರೆ ತಾನೇ ಯಾವುದು ಫಿರಂಗಿ, ಯಾವುದು ಬೆಳಕು ಎಂದು ಬೇರ್ಪಡಿಸಲು ಬರುವುದು? ಒಳ್ಳೆಯದನ್ನು ಯಾರಿಂದ ಬಂದರೂ ತೆಗೆದುಕೊಳ್ಳಬೇಕು. ಯಾರಿಂದ ಬಂದಿತೆಂಬುದನ್ನು ಮರೆಯಲೂಬಾರದು. ನಿನ್ನ ಪ್ರಶ್ನೆ ಪಠ್ಯಪುಸ್ತಕಕ್ಕಿಂತ ದೊಡ್ಡದಾಗಿತ್ತು. ನಿನ್ನನ್ನು ಕುಳ್ಳಿರಿಸಿದ್ದಕ್ಕೆ ಕ್ಷಮಿಸು.

ಮತ್ತು ಬಿ.ಎ. ಓದುತ್ತಿರುವ ಮೊಮ್ಮಗಳಂಥ ಹುಡುಗಿಗೆ: ಹೆಸರುಗಳ ಪಟ್ಟಿಯನ್ನು ಬದಿಗಿಡು. ಒಂದು ಭಾನುವಾರ ತಾಯಿಯೊಡನೆ ಮಳವಳ್ಳಿ, ಶ್ರೀರಂಗಪಟ್ಟಣ, ಶಿವಪುರಗಳನ್ನು ನೋಡಿ ಬಾ. ಆಮೇಲೆ ಪುಸ್ತಕ ತೆರೆ.