ಭಾರತದ ಸಂವಿಧಾನ ಕಾನೂನಿನಲ್ಲಿ ಸಹಜ ನ್ಯಾಯ

ಭಾರತದ ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ 'ಸಹಜ ನ್ಯಾಯ' ಎಂಬ ಮಾತು ಸಿಗುವುದಿಲ್ಲ. ತತ್ವಗಳು ಎರಡೇ: ತನ್ನ ವ್ಯಾಜ್ಯವನ್ನು ತಾನೇ ತೀರ್ಮಾನಿಸಬಾರದು, ಅಹವಾಲು ಕೇಳದೆ ಯಾರನ್ನೂ ದಂಡಿಸಬಾರದು. ಇಂಗ್ಲೆಂಡಿನ ನ್ಯಾಯಾಲಯಗಳಿಂದ ಬಂದ ಈ ನಿಯಮಗಳಲ್ಲಿ ಎರಡನೆಯದನ್ನು 311ನೇ ವಿಧಿ ಸರ್ಕಾರಿ ನೌಕರರ ಮಟ್ಟಿಗೆ ಬರೆದಿಟ್ಟಿತು. ಉಳಿದದ್ದು ಬಹುಪಾಲು ತೀರ್ಪುಗಳಲ್ಲಿ ಬೆಳೆದದ್ದು.

ಮೊದಲ ಹೆಜ್ಜೆಯೇ ಎಡವಿತು. 1950ರ ಎ.ಕೆ. ಗೋಪಾಲನ್ ಮೊಕದ್ದಮೆಯಲ್ಲಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿ ಹೇಳುವ ಕಾರ್ಯವಿಧಾನದೊಳಗೆ ಸಹಜ ನ್ಯಾಯ ಸೇರಿಲ್ಲ ಎಂದು ಸುಪ್ರೀಂ ಕೋರ್ಟಿನ ಬಹುಮತ ಹೇಳಿತು. ನ್ಯಾಯಮೂರ್ತಿ ಫಜಲ್ ಅಲಿ ಒಪ್ಪಲಿಲ್ಲ. ಅವರ ಭಿನ್ನಮತಕ್ಕೆ ಬೆಲೆ ಬರಲು ಕಾಲು ಶತಮಾನ ಹಿಡಿಯಿತು.

ನಡುವೆ ದಾರಿ ತೆರೆದದ್ದು ಒಡಿಶಾದ ವೈದ್ಯೆ ಬಿನಾಪಾಣಿ ದೇಯ್. ಸರ್ಕಾರ ಅವರ ಜನ್ಮವರ್ಷವನ್ನು 1910ರಿಂದ 1907ಕ್ಕೆ ತಿದ್ದಿ, ವಯಸ್ಸಾಯಿತೆಂದು ನಿವೃತ್ತಿಗೊಳಿಸಿತ್ತು. ವಿಚಾರಣೆಯ ವರದಿಯನ್ನು ಅವರಿಗೆ ತೋರಿಸಿರಲಿಲ್ಲ. ಆಡಳಿತಾತ್ಮಕ ಆದೇಶವಾದರೂ ಸರಿ, ವ್ಯಕ್ತಿಯ ಹಕ್ಕಿಗೆ ಪೆಟ್ಟು ಬೀಳುವುದಾದರೆ ಅವರ ಮಾತು ಕೇಳಲೇಬೇಕು ಎಂದು 1967ರಲ್ಲಿ ತೀರ್ಪಾಯಿತು.

ಎರಡು ವರ್ಷಗಳ ನಂತರ ಕ್ರೈಪಾಕ್ ಪ್ರಕರಣ ಬಂತು. ಜಮ್ಮು ಮತ್ತು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಸದಸ್ಯರು, ಅಭ್ಯರ್ಥಿಯೂ ಅವರೇ! ತಮ್ಮ ಹೆಸರು ಬಂದಾಗ ಎದ್ದು ಹೊರಹೋದರು. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ತೀರ್ಪು ಬರೆದವರು ಕಾರ್ಕಳದ ಕಡೆಯ ಕೌಡೂರಿನ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. ಪಕ್ಷಪಾತವನ್ನು ಸಾಬೀತುಪಡಿಸಬೇಕಿಲ್ಲ, ಅದು ನಡೆದಿರಬಹುದೆಂದು ನಂಬಲು ತಕ್ಕ ಕಾರಣವಿದ್ದರೆ ಸಾಕು ಎಂದು ಆಯ್ಕೆಯನ್ನೇ ರದ್ದುಗೊಳಿಸಿದರು. ಆಡಳಿತಕ್ಕೂ ನ್ಯಾಯನಿರ್ಣಯಕ್ಕೂ ನಡುವಿನ ಗೋಡೆ ತೆಳುವಾಗುತ್ತಿದೆ ಎಂದು ಗುರುತಿಸಿದ ಈ ತೀರ್ಪಿಗೆ ಸಿಗಬೇಕಾದ ಹೆಸರು ನಮ್ಮ ನಾಡಿನಲ್ಲೇ ಸಿಕ್ಕಿಲ್ಲ.

1977ರ ಜುಲೈನಲ್ಲಿ ಮೇನಕಾ ಗಾಂಧಿಯವರಿಗೆ ಪತ್ರವೊಂದು ಬಂತು: ಏಳು ದಿನದೊಳಗೆ ಪಾಸ್‌ಪೋರ್ಟ್ ಒಪ್ಪಿಸಿ. ಕಾರಣ ಕೇಳಿದರೆ, ಸಾರ್ವಜನಿಕ ಹಿತದೃಷ್ಟಿಯಿಂದ ಹೇಳಲಾಗದು ಎಂಬ ಉತ್ತರ. 1978ರ ತೀರ್ಪು ಗೋಪಾಲನ್ ಮೊಕದ್ದಮೆಯ ತರ್ಕವನ್ನು ಬದಿಗೆ ಸರಿಸಿ, 21ನೇ ವಿಧಿಯ ಕಾರ್ಯವಿಧಾನ ನ್ಯಾಯಯುತವೂ ಸಮಂಜಸವೂ ಆಗಿರಬೇಕು ಎಂದಿತು.

ವಿನಾಯಿತಿಗಳೂ ಉಂಟು. ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲದಿದ್ದರೆ ನೌಕರನನ್ನು ನೇರವಾಗಿ ವಜಾ ಮಾಡಬಹುದೆಂಬ 311ನೇ ವಿಧಿಯ ಪರಂತುಕವನ್ನು 1985ರ ತುಳಸೀರಾಮ್ ಪಟೇಲ್ ತೀರ್ಪು ಎತ್ತಿಹಿಡಿಯಿತು. ನೌಕರರ ಪಾಲಿಗೆ ಇದು ಕಠಿಣವಾದ ತೀರ್ಪು.

ಇತ್ತೀಚಿನ ಜಗಳ ಮುಚ್ಚಿದ ಲಕೋಟೆಯದು. ಮಲಯಾಳಂ ಸುದ್ದಿವಾಹಿನಿ ಮೀಡಿಯಾ ಒನ್‌ಗೆ ಭದ್ರತಾ ಅನುಮತಿ ನಿರಾಕರಿಸಿದ ಕೇಂದ್ರ, ಕಾರಣಗಳನ್ನು ಲಕೋಟೆಯಲ್ಲಿಟ್ಟು ನ್ಯಾಯಾಧೀಶರಿಗಷ್ಟೇ ಕೊಟ್ಟಿತ್ತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಹಜ ನ್ಯಾಯದ ಉಲ್ಲಂಘನೆ ಎಂದು ಕರೆದು, ನಾಲ್ಕು ವಾರದೊಳಗೆ ಪರವಾನಗಿ ನವೀಕರಿಸುವಂತೆ ಆದೇಶಿಸಿತು.