ಘಟ್ಟದ ಏಲಕ್ಕಿ ಹೋದ ದಾರಿ: ಕನ್ನಡ ನಾಡಿನವರ ಅರಬ್ ಯಾನ

ಕನ್ನಡ ನಾಡಿನಿಂದ ಅರಬ್ಬರ ದೇಶಗಳಿಗೆ ಜನ ಹೋಗಿಬಂದದ್ದಕ್ಕೆ ಸುಮಾರು ಒಂಬತ್ತು ನೂರು ವರ್ಷಗಳ ಲಿಖಿತ ದಾಖಲೆ ಇದೆ. ವ್ಯಾಪಾರಿಯ ಗುಮಾಸ್ತರು, ಸೂಫಿಗಳು, ರಾಜನ ರಾಯಭಾರಿಗಳು, ಹಜ್ ಯಾತ್ರಿಕರು, ಸೈನಿಕರು, ಕೂಲಿಗೆ ಹೋದವರು ಹೀಗೆ ಹೋದವರು ಹಲವು ಬಗೆ. ಆದರೆ ಅವರೆಲ್ಲರಿಗಿಂತ ಮೊದಲು ಆ ದಾರಿ ಹಿಡಿದದ್ದು ಪಶ್ಚಿಮ ಘಟ್ಟದ ಸರಕು. ಮೆಣಸು, ಏಲಕ್ಕಿ, ಗಂಧ ಹೋದ ಊರುಗಳಿಗೇ ಮನುಷ್ಯರೂ ಹೋದರು.

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಸೀಮೆಯ ಗುಡ್ಡಗಳು ಈ ಸರಕಿನ ನೆಲೆಗಳಲ್ಲಿ ಒಂದು. ಸಕಲೇಶಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹೆತ್ತೂರಿನಿಂದ ವಣಗೂರು, ಬಿಸ್ಲೆಯ ಮೇಲೆ ಹಾಯುವ ರಸ್ತೆ ಘಟ್ಟ ಇಳಿದು ಕುಕ್ಕೆ ಸುಬ್ರಹ್ಮಣ್ಯ ಸೇರುತ್ತದೆ. ಇದು ನೀರು ಇಬ್ಭಾಗವಾಗುವ ಸೀಮೆ. ಪೂರ್ವದ ಇಳಿಜಾರಿನ ಮಳೆನೀರು ಹೇಮಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಪಶ್ಚಿಮದ ನೀರು ಕುಮಾರಧಾರೆಯಾಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ರಸ್ತೆಗಳಿಲ್ಲದ ಕಾಲದಲ್ಲಿ ಮಲೆನಾಡಿನ ಸರಕು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಇಳಿಯುತ್ತಿತ್ತು, ಕರಾವಳಿಯ ಉಪ್ಪು ಅದೇ ಎತ್ತುಗಳ ಮೇಲೆ ಘಟ್ಟ ಹತ್ತುತ್ತಿತ್ತು. ಇಳಿದ ಸರಕಿನಲ್ಲಿ ಒಂದು ಪಾಲು ಹಡಗು ಏರುತ್ತಿತ್ತು.

ಗಾಳಿ ಇಟ್ಟ ಲೆಕ್ಕ

ಹಾಯಿಹಡಗಿನ ಕಾಲದಲ್ಲಿ ಪ್ರಯಾಣದ ತಿಂಗಳನ್ನು ಗೊತ್ತುಮಾಡುತ್ತಿದ್ದುದು ಗಾಳಿ. ಮಳೆಗಾಲ ಮುಗಿದು ಈಶಾನ್ಯದ ಗಾಳಿ ಬೀಸತೊಡಗಿದ ಮೇಲೆ, ಸುಮಾರು ನವೆಂಬರಿನಿಂದ ಮಾರ್ಚಿಯವರೆಗೆ, ಮಂಗಳೂರು, ಬಾರಕೂರು, ಹೊನ್ನಾವರ, ಭಟ್ಕಳಗಳಿಂದ ಹಡಗುಗಳು ಪಶ್ಚಿಮಕ್ಕೆ ಹೊರಡುತ್ತಿದ್ದವು. ಮರಳಿ ಬರಲು ನೈಋತ್ಯದ ಗಾಳಿ ಬೇಕು. ಅದು ರಭಸವಾಗಿರುವ ಜೂನ್, ಜುಲೈಯಲ್ಲಿ ಈ ಕರಾವಳಿಯ ಬಂದರುಗಳಿಗೆ ಹಡಗು ಹೊಗುವುದು ಅಪಾಯ. ಆದ್ದರಿಂದ ಮಳೆ ಬಿರುಸಾಗುವ ಮೊದಲೇ ಮರಳಬೇಕು, ಇಲ್ಲವೇ ಅದು ಇಳಿಯುವವರೆಗೆ ಕಾಯಬೇಕು. ಹೀಗಾಗಿ ಏಡನ್ನಿಗೋ ಮಸ್ಕತ್ತಿಗೋ ಹೋದವನು ಕೆಲಸ ಬೇಗ ಮುಗಿದರೂ ಅಲ್ಲಿಯೇ ತಿಂಗಳುಗಟ್ಟಲೆ ಉಳಿಯಬೇಕಾಗುತ್ತಿತ್ತು. ಉಳಿಯಲು ಮನೆ, ಖರ್ಚಿಗೆ ಸಾಲ, ಜಗಳವಾದರೆ ಪರವಹಿಸುವ ಒಬ್ಬ ಸ್ಥಳೀಯ ಹಿರಿಯ, ಈ ಮೂರೂ ಬೇಕಾಗುತ್ತಿದ್ದವು. ಅರಬ್ ಬಂದರುಗಳಲ್ಲಿ ಪರದೇಶಿ ವ್ಯಾಪಾರಿಗಳ ಪರವಾಗಿ ಸರಕು ಕಾಯುವ, ಹಣ ಒದಗಿಸುವ, ವ್ಯಾಜ್ಯ ತೀರಿಸುವ ವಕೀಲರು ಇದ್ದದ್ದು ಇದೇ ಕಾರಣಕ್ಕೆ.

ಏಡನ್ನಿನಲ್ಲಿ ಬೊಮ್ಮ

ಈ ನಾಡಿನಿಂದ ಅರಬ್ ದೇಶಕ್ಕೆ ಹೋಗಿಬಂದವರಲ್ಲಿ ಹೆಸರು ಸಮೇತ ಗೊತ್ತಿರುವ ಹಳಬ ಬೊಮ್ಮ. ಉತ್ತರ ಆಫ್ರಿಕದ ಮಹ್ದಿಯಾ ಊರಿನ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ. 1149ರವರೆಗೆ, ಅಂದರೆ ಹದಿನೇಳು ವರ್ಷ, ಅವನ ವ್ಯವಹಾರವೆಲ್ಲ ಈ ಕರಾವಳಿಯಿಂದಲೇ ನಡೆಯಿತು. ಘಟ್ಟದ ಮೇಲೆ ಆಗ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ, ಕರಾವಳಿಯಲ್ಲಿ ಆಳುಪರದು. ಬೆನ್ ಯಿಜು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸುತ್ತಿದ್ದ. ಅವನ ಸೇವೆಯಲ್ಲಿದ್ದು ಸರಕಿನೊಂದಿಗೆ ಏಡನ್ನಿಗೆ ಹೋಗುತ್ತಿದ್ದವನು ಬೊಮ್ಮ. ದಾಸನೆಂದು ಬರೆಯಲಾಗಿದ್ದರೂ ಅವನು ಮಾಡುತ್ತಿದ್ದುದು ನಂಬಿಕೆಯ ಗುಮಾಸ್ತನ ಕೆಲಸ.

1135ರಲ್ಲಿ ಬೊಮ್ಮ ಏಡನ್ನಿನಲ್ಲಿದ್ದ. ಅಲ್ಲಿ ಅವನನ್ನು ನೋಡಿಕೊಂಡವನು ವ್ಯಾಪಾರಿಗಳ ವಕೀಲ ಮದ್ಮೂನ್ ಇಬ್ನ್ ಬುಂದಾರ್. ಬೊಮ್ಮ ತಿಂಗಳಿಗೆ ಎರಡು ದಿನಾರಿನ ಲೆಕ್ಕದಲ್ಲಿ ಹಣ ಪಡೆದ, ಸಾಲದೆಂದು ಮತ್ತೆ ಕೇಳಿದ, ಕುಡಿದು ಬಂದು ಮಾತು ಕೇಳದೆ ನಡೆದುಕೊಂಡ ಎಂದು ಮದ್ಮೂನ್ ಬೆನ್ ಯಿಜುವಿಗೆ ದೂರು ಬರೆದ. ಅದೇ ವರ್ಷ ಪರ್ಷಿಯಾ ಕೊಲ್ಲಿಯ ಕೀಶ್ ದ್ವೀಪದ ದೊರೆ ಏಡನ್ನಿನ ಮೇಲೆ ಹಡಗುಪಡೆ ಕಳಿಸಿ ದಾಳಿ ಮಾಡಿದ್ದ. ಮುಂದಿನ ವರ್ಷಗಳಲ್ಲಿ ಬೊಮ್ಮನ ಸ್ಥಾನ ಏರಿತು. ಏಡನ್ನಿನ ವ್ಯಾಪಾರಿಗಳು ತಮ್ಮ ಪತ್ರಗಳಲ್ಲಿ ಅವನಿಗೆ ಶೇಖ್ ಎಂಬ ಗೌರವ ಪದ ಸೇರಿಸಿ ವಂದನೆ ತಿಳಿಸತೊಡಗಿದರು. ಈ ಪತ್ರಗಳು ಉಳಿದದ್ದು ಕೈರೋದ ಹಳೆಯ ಯಹೂದಿ ಮಂದಿರದ ಕಾಗದಪತ್ರ ಕೂಡಿಡುವ ಕೋಣೆಯಲ್ಲಿ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲಿ. ಬೊಮ್ಮ ಎಂಬ ಹೆಸರು ತುಳುನಾಡಿನದು ಎಂದು ಗುರುತಿಸಿ, ಅವನ ಜಾಡು ಹಿಡಿದು ಲೇಖಕ ಅಮಿತಾವ್ ಘೋಷ್ ಮಂಗಳೂರಿನವರೆಗೆ ಬಂದರು. 1992ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ಬೊಮ್ಮ ಜಗತ್ತಿಗೆ ಪರಿಚಿತನಾದ.

ಎರಡು ಶತಮಾನದ ನಂತರವೂ ಈ ದಾರಿ ನಡೆಯುತ್ತಲೇ ಇತ್ತು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ ಏಡನ್ನಿಗೆ ಬರುವ ಭಾರತದ ದೊಡ್ಡ ಹಡಗುಗಳ ಊರುಗಳನ್ನು ಹೆಸರಿಸುವಾಗ ಮಂಗಳೂರು, ಬಾರಕೂರು, ಹೊನ್ನಾವರ ಮೂರನ್ನೂ ಹೇಳಿದ್ದಾನೆ. ಭಾರತದ ವ್ಯಾಪಾರಿಗಳು ಏಡನ್ನಿನಲ್ಲಿಯೇ ವಾಸವಿದ್ದರೆಂದೂ ಬರೆದಿದ್ದಾನೆ. ಅವನು ಕಂಡ ಏಡನ್ನಿನಲ್ಲಿ ಬೆಳೆಯಿಲ್ಲ, ಮರವಿಲ್ಲ, ನೀರಿಲ್ಲ. ಮಳೆ ಬಂದಾಗ ತುಂಬಿಕೊಂಡ ಕೊಳಗಳೇ ಆಧಾರ. ಸಿಹಿನೀರು ದೂರದಲ್ಲಿದ್ದು, ಅಲ್ಲಿನ ಅಲೆಮಾರಿ ಅರಬ್ಬರು ಹಣ, ಬಟ್ಟೆ ಕೊಡುವವರೆಗೆ ನೀರು ತಡೆಯುತ್ತಿದ್ದರು. ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ ಬೀಳುವ ಸೀಮೆಯಿಂದ ಹೋದವರಿಗೆ ನೀರನ್ನು ದುಡ್ಡು ಕೊಟ್ಟು ಕೊಳ್ಳುವ ಊರಿನಲ್ಲಿ ತಿಂಗಳುಗಟ್ಟಲೆ ಕಳೆಯುವುದು ಸುಲಭವಾಗಿರಲಾರದು.

ಮೋಕಾದಿಂದ ಬಂದ ಬೀಜ

ವಿಜಯನಗರದ ಕಾಲದಲ್ಲಿ ಅರಬ್ಬೀ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಆದರೆ ಆ ಕಡೆಯಿಂದ ಬಂದು ಮಲೆನಾಡಿನ ಬದುಕನ್ನೇ ಬದಲಿಸಿದ್ದು ಕಾಫಿ. ಹದಿನೇಳನೇ ಶತಮಾನದಲ್ಲಿ ಮೆಕ್ಕಾ ಯಾತ್ರೆಗೆ ಹೋಗಿದ್ದ ಸೂಫಿ ಬಾಬಾ ಬುಡನ್ ಯೆಮನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ನಾಡಿನ ನಂಬಿಕೆ. ಆ ಬೆಟ್ಟಸಾಲಿಗೆ ಇಂದಿಗೂ ಅವರದೇ ಹೆಸರು. ಕಾಫಿ ಆಗ ಯೆಮನಿನ ಬೆಟ್ಟಗಳ ಸ್ವತ್ತು. ಬೈತ್ ಅಲ್ ಫಖೀಹ್ ಎಂಬ ಊರಿನ ಮಾರುಕಟ್ಟೆಯಲ್ಲಿ ಮಾರಾಟವಾಗಿ ಮೋಕಾ ಬಂದರಿನಿಂದ ಲೋಕಕ್ಕೆಲ್ಲ ಹೋಗುತ್ತಿತ್ತು. ಮೊಳೆಯುವ ಬೀಜ ಹೊರಗೆ ಹೋಗದಂತೆ ಅಲ್ಲಿ ಕಾವಲಿತ್ತೆಂದು ಐತಿಹ್ಯ ಹೇಳುತ್ತದೆ. ಯಾತ್ರೆಗೆ ಹೋದವರೊಬ್ಬರಿಂದ ಬಂದ ಈ ಬೆಳೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮನೆಯಂಗಳ, ಹಿತ್ತಲುಗಳಲ್ಲಿ ಸಣ್ಣದಾಗಿ ಉಳಿದು, ಆಮೇಲೆ ತೋಟವಾಯಿತು.

ತದಡಿಯಿಂದ ಹೊರಟ ನಾಲ್ಕು ಹಡಗು

ಕರ್ನಾಟಕದಿಂದ ಅರಬ್ ನಾಡಿಗೆ ಹೊರಟ ಪರಿವಾರಗಳಲ್ಲಿ ಟಿಪ್ಪು ಸುಲ್ತಾನನ ರಾಯಭಾರ ಬಹು ದೊಡ್ಡದು. ಗುಲಾಂ ಅಲಿ ಖಾನ್ ಮುಂದಾಳತ್ವದಲ್ಲಿ ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್ ರಾಯಭಾರಿಗಳು. ಸೈನಿಕರು, ಸೇವಕರು, ದುಭಾಷಿಗಳು ಸೇರಿ ಸುಮಾರು 900 ಜನ. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣ ಬಿಟ್ಟ ತಂಡ 1786ರ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಇಸ್ತಾಂಬುಲ್‌ನ ಆಟೋಮನ್ ಸುಲ್ತಾನನ ಮನ್ನಣೆ, ಇಂಗ್ಲಿಷರ ವಿರುದ್ಧ ನೆರವು, ವ್ಯಾಪಾರದ ಸೌಲಭ್ಯ ಪಡೆಯುವುದು ಉದ್ದೇಶ. ಹಡಗುಗಳಲ್ಲಿ ಬಟ್ಟೆ, ಗಂಧ, ಸಂಬಾರ ಪದಾರ್ಥಗಳಿದ್ದವು. ದಾರಿಯಲ್ಲಿ ಅವನ್ನು ಮಾರಿ ಖರ್ಚು ತೂಗಿಸುವುದು ಯೋಜನೆಯಾಗಿತ್ತು. ಕಾಣಿಕೆಗಾಗಿ ಒಯ್ದ ಆನೆಗಳು ಆ ದೀರ್ಘ ಪ್ರಯಾಣ ತಾಳಲಿಲ್ಲ.

ಮೊದಲ ನಿಲುಗಡೆ ಮಸ್ಕತ್. ಅಲ್ಲಿ ಮೈಸೂರಿನ ವ್ಯಾಪಾರ ಕೋಠಿಯಿತ್ತು, ಮಾವಜಿ ಸೇಠ್ ಎಂಬ ದಲಾಲ ಮೈಸೂರಿನ ಹಿತ ನೋಡಿಕೊಳ್ಳುತ್ತಿದ್ದ. ಕೋಠಿಯ ಅಧಿಕಾರಿ ಮೀರ್ ಕಾಜಿಂಗೆ ಟಿಪ್ಪು ಬರೆದ ಪತ್ರಗಳು ಗಂಧ, ಮೆಣಸು, ಏಲಕ್ಕಿಯ ಧಾರಣೆಯ ಲೆಕ್ಕದಿಂದ ತುಂಬಿವೆ. ಬೆಲೆ ಏರುವವರೆಗೆ ಸರಕು ಹಿಡಿದಿಡಬೇಕು, ಅಲ್ಲಿಂದ ರೇಷ್ಮೆ ಹುಳುವಿನ ಮೊಟ್ಟೆ, ಕೇಸರಿಯ ಬಿತ್ತನೆ, ಖರ್ಜೂರದ ಗಿಡ, ಗಂಧಕ, ಮುತ್ತು ತೆಗೆಯುವ ಮುಳುಗುಗಾರರನ್ನು ಕಳಿಸಬೇಕು ಎಂಬ ಆಜ್ಞೆಗಳು ಅವುಗಳಲ್ಲಿವೆ. ಘಟ್ಟದ ಸರಕನ್ನು ಸರ್ಕಾರವೇ ಕೊಂಡು ಸರ್ಕಾರವೇ ಹೊರಗೆ ಮಾರುವ ವ್ಯವಸ್ಥೆಯ ಕೊನೆಯ ಕೊಂಡಿ ಈ ಮಸ್ಕತ್ ಕೋಠಿ.

ಮಸ್ಕತ್ತಿನಿಂದ ತಂಡ ಪರ್ಷಿಯಾ ಕೊಲ್ಲಿ ಹಾದು ಬಸ್ರಾ ತಲುಪಿತು. ಬಸ್ರಾ ಆಗ ಬಾಗ್ದಾದಿನ ಸುಲೈಮಾನ್ ಪಾಷಾನ ಅಧೀನದಲ್ಲಿತ್ತು. ಮೇಲಿನ ಅಪ್ಪಣೆಯಿಲ್ಲದೆ ಮುಂದೆ ಹೋಗುವಂತಿರಲಿಲ್ಲ, ಸುತ್ತಲಿನ ಅರಬ್ ಬುಡಕಟ್ಟುಗಳ ದಂಗೆಯಿಂದ ದಾರಿಯೂ ಭದ್ರವಿರಲಿಲ್ಲ. ತಿಂಗಳುಗಟ್ಟಲೆ ಕಾದು ಬಾಗ್ದಾದಿನ ಕಡೆಗೆ ಸಾಗಿದ ರಾಯಭಾರಿಗಳು 1787ರ ಸೆಪ್ಟೆಂಬರಿನಲ್ಲಿ ಇಸ್ತಾಂಬುಲ್ ಸೇರಿದರು. ಬಸ್ರಾ ಬಂದರನ್ನು ಮೈಸೂರಿಗೆ ಗುತ್ತಿಗೆ ಕೊಡಬೇಕು, ಬದಲಿಗೆ ತನ್ನ ಒಂದು ಬಂದರನ್ನು ಕೊಡುತ್ತೇನೆ ಎಂಬುದು ಟಿಪ್ಪುವಿನ ಕೋರಿಕೆಗಳಲ್ಲಿ ಒಂದು. ಯೂಫ್ರಟಿಸ್ ನದಿಯಿಂದ ನಜಫ್ ಊರಿಗೆ ಕಾಲುವೆ ತೋಡಿಸುವ ಇಚ್ಛೆ ಮತ್ತೊಂದು. ಎರಡೂ ಕೈಗೂಡಲಿಲ್ಲ. ಮರಳುವಾಗ ತಂಡ ಅಲೆಕ್ಸಾಂಡ್ರಿಯಾ, ಕೈರೋ, ಸೂಯೆಜ್ ಹಾದು ಜಿದ್ದಾಕ್ಕೆ ಬಂದು, ಯಾತ್ರೆ ಮುಗಿಸಿ, 1789ರ ಕೊನೆಗೆ ಕಲ್ಲಿಕೋಟೆಯಲ್ಲಿ ಇಳಿಯಿತು. ಚಳಿ, ಪ್ಲೇಗು, ಹಡಗುಗಳ ನಾಶದಿಂದ ಹೊರಟವರಲ್ಲಿ ಬಹುಪಾಲು ಜನ ಸತ್ತಿದ್ದರು. ತಂಡದ ಬರಹಗಾರ ಖ್ವಾಜಾ ಅಬ್ದುಲ್ ಖಾದಿರ್ ಪರ್ಷಿಯನ್ನಿನಲ್ಲಿ ಬರೆದ ದಿನಚರಿಯ ಒಂದು ಭಾಗ ಉಳಿದಿದ್ದು, ಇತಿಹಾಸಕಾರ ಮೊಹಿಬ್ಬುಲ್ ಹಸನ್ ಅದನ್ನು 1968ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಮಂಜರಾಬಾದಿನ ತೋಟಗಳು

ಸಕಲೇಶಪುರದ ಸೀಮೆಯನ್ನು ಹಿಂದೆ ಬಲಂ ಎಂದು ಕರೆಯುತ್ತಿದ್ದರು, ಐಗೂರಿನ ಪಾಳೆಯಗಾರರು ಅದನ್ನು ಆಳುತ್ತಿದ್ದರು. ಮಂಗಳೂರಿಗೆ ಇಳಿಯುವ ದಾರಿಯನ್ನು ಕಾಯಲು ಟಿಪ್ಪು ಇಲ್ಲಿ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ ಕಟ್ಟಿಸಿದ. 1792ರ ಹೊತ್ತಿಗೆ ಮುಗಿದ ಕೋಟೆಯ ಹೆಸರೇ ಮುಂದೆ ಸೀಮೆಗೂ ನಿಂತಿತು. ಟಿಪ್ಪುವಿನ ನಂತರ ಸರ್ಕಾರಿ ಕೋಠಿಗಳು ಮುಚ್ಚಿದರೂ ಬೆಟ್ಟದ ಬೆಳೆ ನಿಲ್ಲಲಿಲ್ಲ.

1843ರಲ್ಲಿ ಗ್ರೀನ್ ಎಂಬ ಇಂಗ್ಲಿಷ್ ಪ್ಲಾಂಟರ್ ದಕ್ಷಿಣ ಮಂಜರಾಬಾದಿನಲ್ಲಿ ಕಾಫಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಈ ಸೀಮೆಯ ಗೌಡರ ಬದುಕನ್ನೂ ತೋಟದ ಕೆಲಸವನ್ನೂ ವಿವರವಾಗಿ ಬರೆದಿಟ್ಟ. ಸ್ಥಳೀಯ ಬೆಳೆಗಾರರೂ ಬೇಗನೆ ಕಾಫಿಗೆ ತಿರುಗಿದರು. ಹೆತ್ತೂರು, ಯಸಳೂರು, ಹಾನಬಾಳುಗಳ ಗುಡ್ಡಗಳಲ್ಲಿ ಅರಬ್ ನಾಡಿಗೆ ಹೋಗುವ ಏಲಕ್ಕಿ, ಅರಬ್ ನಾಡಿನಿಂದ ಬಂದ ಕಾಫಿ ಎರಡೂ ಒಂದೇ ಮರದ ನೆರಳಿನಲ್ಲಿ ಬೆಳೆಯತೊಡಗಿದವು. ಅರೇಬಿಯಾದಲ್ಲಿ ಅತಿಥಿಗೆ ಮೊದಲು ಕೊಡುವ ಕಹ್ವಾದಲ್ಲಿ ಕುದಿಯುವುದೂ ಇವೆರಡೇ, ಕಾಫಿ ಮತ್ತು ಏಲಕ್ಕಿ.

ಹಬೆಹಡಗಿನಿಂದ ವಿಮಾನದವರೆಗೆ

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಬೆಹಡಗುಗಳು ಗಾಳಿಯ ಹಂಗು ಬಿಡಿಸಿದವು. ಮೈಸೂರು ಸಂಸ್ಥಾನದ ಹಜ್ ಯಾತ್ರಿಕರು ರೈಲಿನಲ್ಲಿ ಬೊಂಬಾಯಿಗೆ ಹೋಗಿ ಜಿದ್ದಾದ ಹಡಗು ಹತ್ತುವಂತಾಯಿತು. ಸಮಯ ಉಳಿಯಿತು, ತಪಾಸಣೆ ಹೆಚ್ಚಿತು. ಕಾಲರಾದ ಭಯದಿಂದ 1882ರಲ್ಲಿ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ದಿಗ್ಬಂಧನ ಕೇಂದ್ರ ತೆರೆಯಲಾಯಿತು. ಹಡಗಿನ ಯಾತ್ರಿಕರು ಅಲ್ಲಿಳಿದು, ಬಟ್ಟೆಬರೆ ಶುದ್ಧ ಮಾಡಿಸಿಕೊಂಡು, ಅವಧಿ ಮುಗಿದ ಮೇಲೆ ಮುಂದೆ ಹೋಗಬೇಕಿತ್ತು. ಮೆಕ್ಕಾದಲ್ಲಿ ಆಯಾ ನಾಡಿನವರಿಗೆ ಗೊತ್ತಾದ ಮುತವ್ವಿಫರು ವಸತಿ, ಒಂಟೆ, ಭಾಷೆ, ವಿಧಿಗಳ ಹೊಣೆ ಹೊರುತ್ತಿದ್ದರು. ಬೊಮ್ಮನಿಗೆ ಮದ್ಮೂನ್ ಮಾಡಿದ ಕೆಲಸವನ್ನು ಯಾತ್ರಿಕರಿಗೆ ಮಾಡಿದವರು ಇವರು. ಮುಂಬಯಿಯಿಂದ ಹಜ್ ಹಡಗುಗಳ ಓಡಾಟ 1995ರಲ್ಲಿ ನಿಂತಿತು. ಈಗ ಕರ್ನಾಟಕದ ಯಾತ್ರಿಕರು ಬೆಂಗಳೂರಿನ ಹಜ್ ಭವನದ ಮೂಲಕ ವಿಮಾನ ಏರುತ್ತಾರೆ.

ಮೊದಲನೇ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆ ಈಜಿಪ್ಟ್, ಪ್ಯಾಲೆಸ್ತೀನಿನಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರ ಗೆದ್ದ ಪಡೆಗಳಲ್ಲಿ ಅದೂ ಒಂದು. ಮಡಿದವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಕೊಲ್ಲಿ ದೇಶಗಳಲ್ಲಿ ಬಹುಕಾಲ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ನೋಟು, ಹಜ್ ಯಾತ್ರಿಕರಿಗೆಂದು ಇನ್ನೊಂದು ನೋಟು ಮುದ್ರಿಸಿತು. 1961ರಲ್ಲಿ ಕುವೈತ್, ಆಮೇಲೆ ಉಳಿದವು ತಮ್ಮದೇ ನಾಣ್ಯ ತಂದವು. 1970ರ ದಶಕದಲ್ಲಿ ಎಣ್ಣೆಯ ಬೆಲೆ ಏರಿ ಅಲ್ಲಿ ಕಟ್ಟಡ, ರಸ್ತೆಗಳ ಕೆಲಸ ಹೆಚ್ಚಿದಾಗ ಕರಾವಳಿಯಿಂದ ದೊಡ್ಡ ಸಂಖ್ಯೆಯಲ್ಲಿ ಜನ ಹೋದರು, ಮಲೆನಾಡಿನವರೂ ಜೊತೆಗೂಡಿದರು. ಸ್ಥಳೀಯ ಪ್ರಾಯೋಜಕನ ಹೆಸರಿನಲ್ಲಿ ವೀಸಾ ಪಡೆಯುವ ಕಫಾಲಾ ಪದ್ಧತಿ ಪರದೇಶಿಯ ವಾಸವನ್ನು ಒಬ್ಬ ಊರಿನವನ ಹೊಣೆಗೆ ಕಟ್ಟಿತು. 2006ರಲ್ಲಿ ಮಂಗಳೂರಿನಿಂದ ನೇರ ದುಬೈ ವಿಮಾನ ಆರಂಭವಾದ ಮೇಲೆ ಘಟ್ಟದ ಕೆಳಗಿನಿಂದ ಕೊಲ್ಲಿಗೆ ಕೆಲವೇ ಗಂಟೆಗಳ ದಾರಿ. ಅಷ್ಟರಲ್ಲಾಗಲೇ ಏಲಕ್ಕಿಯ ಮಾರುಕಟ್ಟೆ ಕೈತಪ್ಪಿತ್ತು. ಇಪ್ಪತ್ತನೇ ಶತಮಾನದ ಕೊನೆಗೆ ಗ್ವಾಟೆಮಾಲಾದ ಅಗ್ಗದ ಏಲಕ್ಕಿ ಅರಬ್ ಪೇಟೆಯ ದೊಡ್ಡ ಪಾಲನ್ನು ಹಿಡಿಯಿತು.

ಈ ಇತಿಹಾಸದ ಮೂಲ ಬರಹಗಳಲ್ಲಿ ಕನ್ನಡದ ಪಾಲು ತೀರ ಕಡಿಮೆ. ಬೊಮ್ಮನನ್ನು ಉಳಿಸಿದ್ದು ಕೈರೋದ ಪತ್ರಗಳು, ರಾಯಭಾರಿಗಳ ಪಾಡನ್ನು ಉಳಿಸಿದ್ದು ಪರ್ಷಿಯನ್ ದಿನಚರಿ, ಮಂಜರಾಬಾದಿನ ತೋಟಗಳ ಕಥೆ ಇಂಗ್ಲಿಷಿನಲ್ಲಿ. ಹಡಗಿನಲ್ಲಿ ಹಜ್ ಮಾಡಿದವರ, ಮೊದಲ ತಲೆಮಾರಿನಲ್ಲಿ ಕೊಲ್ಲಿಗೆ ಹೋದವರ ನೆನಪುಗಳು, ಪತ್ರಗಳು, ಹಳೆಯ ಪಾಸ್‌ಪೋರ್ಟುಗಳು ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಇನ್ನೂ ಇವೆ. ಊರಿನ ಶಾಲೆ, ಗ್ರಂಥಾಲಯ, ಜಿಲ್ಲೆಯ ಇತಿಹಾಸಾಸಕ್ತರು ಅವನ್ನು ಈಗಲೇ ಸಂಗ್ರಹಿಸಿ ಕನ್ನಡದಲ್ಲಿ ದಾಖಲಿಸಬೇಕು.